ಕೀಲುನೋವಿನ ಮನೆಮದ್ದು: ಗಿಡದ ಹೆಸರಿನ ಜೊತೆಗೆ ಭಾಗ, ಅಳತೆ, ಹದವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೆ,

ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಮಂಡಿ, ಸೊಂಟ, ಬೆರಳುಗಂಟುಗಳ ನೋವಿನ ಮಾತು ಹೆಚ್ಚುತ್ತದೆ. ಪತ್ರಿಕೆಗಳ ಮನೆಮದ್ದಿನ ಅಂಕಣಗಳಲ್ಲೂ ಇದೇ ಹೊತ್ತಿಗೆ ‘ಲಕ್ಕಿಸೊಪ್ಪು ಕಟ್ಟಿ’, ‘ಅರಿಶಿನದ ಹಾಲು ಕುಡಿಯಿರಿ’, ‘ಅಮೃತಬಳ್ಳಿ ಕಷಾಯ ಮಾಡಿ’ ಎಂಬ ಎರಡು ಸಾಲಿನ ಸಲಹೆಗಳು ಬರತೊಡಗುತ್ತವೆ. ಇವು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳುತ್ತವೆ. ಗಿಡದ ಯಾವ ಭಾಗ, ಹಸಿಯೋ ಒಣಗಿದ್ದೋ, ನೀರಿನಲ್ಲೋ ಎಣ್ಣೆಯಲ್ಲೋ, ಎಷ್ಟು ಗ್ರಾಂ, ಯಾವ ಬಗೆಯ ನೋವಿಗೆ ಎಂಬುದು ಬಿಟ್ಟುಹೋದರೆ ಓದುಗರ ಕೈಗೆ ಸಿಗುವುದು ಗಿಡದ ಹೆಸರೊಂದೇ. ಗಿಡದೊಳಗಿನ ಯಾವ ಅಂಶ ಕೆಲಸ ಮಾಡುತ್ತದೆ, ಅದು ಯಾವಾಗ ಹೊರಬರುತ್ತದೆ, ಯಾವಾಗ ಹಾಳಾಗುತ್ತದೆ ಎಂಬುದು ನಿಂತಿರುವುದೇ ಆ ಬಿಟ್ಟುಹೋದ ವಿವರಗಳ ಮೇಲೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಜಾಗ ಕೊಡಿ.

ಮೊದಲು ಲಕ್ಕಿ. ಬೇಲಿಸಾಲಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಈ ಗಿಡವನ್ನು ನೆಕ್ಕಿ ಎಂದೂ ಕರೆಯುತ್ತೇವೆ. ಸಂಸ್ಕೃತದಲ್ಲಿ ನಿರ್ಗುಂಡಿ, ಸಸ್ಯಶಾಸ್ತ್ರದಲ್ಲಿ ವೈಟೆಕ್ಸ್ ನೆಗುಂಡೊ. ಒಂದೇ ತೊಟ್ಟಿನಲ್ಲಿ ಮೂರು ಅಥವಾ ಐದು ಕಿರುಎಲೆ, ಎಲೆಯಡಿಯಲ್ಲಿ ಬೂದುಬಿಳಿ ಬಣ್ಣ, ಎಳೆ ಕಾಂಡ ಚೌಕ, ಹೂ ತಿಳಿನೀಲಿ. ಹೆಸರು ಹತ್ತಿರವಿರುವ ಕಾರಣಕ್ಕೆ ಕರಿನೆಕ್ಕಿಯನ್ನು (ಜಸ್ಟಿಸಿಯ ಜೆಂಡರುಸ್ಸ) ಇದರ ಬದಲಿಗೆ ತರುವವರಿದ್ದಾರೆ. ಅದನ್ನೂ ನೋವಿಗೆ ಬಳಸುತ್ತಾರೆ, ನಿಜ. ಆದರೆ ಅದರ ಎಲೆ ಒಂಟಿಯಾಗಿ, ನೀಳವಾಗಿ, ಕಡು ಹಸಿರಾಗಿರುತ್ತದೆ, ಒಳಗಿನ ರಾಸಾಯನಿಕಗಳೂ ಬೇರೆ. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಲಕ್ಕಿ ಎಲೆಯಲ್ಲಿ ಮೂರು ಬಗೆಯ ಅಂಶಗಳಿವೆ. ಒಂದು, ಎಲೆ ಹಿಸುಕಿದ ಕೂಡಲೇ ಮೂಗಿಗೆ ಬಡಿಯುವ ಆವಿತೈಲ. ಇದರಲ್ಲಿ ಕ್ಯಾರಿಯೋಫಿಲ್ಲೀನ್, ಸ್ಯಾಬಿನೀನ್‌ನಂಥ ಟರ್ಪೀನುಗಳಿವೆ. ಎರಡು, ಕ್ಯಾಸ್ಟಿಸಿನ್ ಎಂಬ ಫ್ಲೇವನಾಯ್ಡ್. ಮೂರು, ನೆಗುಂಡೋಸೈಡ್, ಅಗ್ನುಸೈಡ್ ಎಂಬ ಇರಿಡಾಯ್ಡ್ ಗ್ಲೈಕೊಸೈಡುಗಳು, ಅಂದರೆ ಸಕ್ಕರೆಯ ಅಣು ಅಂಟಿಕೊಂಡಿರುವ ಕಹಿ ಅಂಶಗಳು. ಮೊದಲೆರಡು ಎಣ್ಣೆಗೆ ಒಲಿಯುತ್ತವೆ, ಮೂರನೆಯದು ನೀರಿಗೆ. ಕ್ಯಾರಿಯೋಫಿಲ್ಲೀನಿನ ಅಣುತೂಕ ಸುಮಾರು 204. ಪುಟ್ಟದು, ಜಿಡ್ಡಿಗೆ ಹತ್ತಿರದ್ದು, ಹಾಗಾಗಿ ಚರ್ಮದ ಹೊರಪದರ ದಾಟಬಲ್ಲದು. ಅಗ್ನುಸೈಡಿನ ಅಣುತೂಕ 466, ಮೇಲೆ ಸಕ್ಕರೆಯ ಹೊರೆ ಬೇರೆ. ಅದು ಚರ್ಮದ ಮೂಲಕ ಒಳಹೋಗುವುದು ತೀರ ಕಡಿಮೆ. ಲಕ್ಕಿಯ ಎಣ್ಣೆ, ಶಾಖ, ಕಷಾಯ ಈ ಮೂರೂ ಬೇರೆ ಬೇರೆ ಮದ್ದುಗಳೆಂದು ನಾವು ಹೇಳುವುದು ಇದಕ್ಕೇ.

ಎಲೆ ಕಟ್ಟುವವರು ಮತ್ತು ಲಕ್ಕಿನೀರು ಕಾಯಿಸುವವರು ಮಾಡುವ ದೊಡ್ಡ ತಪ್ಪೆಂದರೆ ಹಂಡೆಯ ಬಾಯಿ ತೆರೆದಿಟ್ಟು ಅರ್ಧ ಗಂಟೆ ಕುದಿಸುವುದು. ಬಚ್ಚಲುಮನೆಯೆಲ್ಲ ಘಮಘಮ ಎನ್ನುತ್ತದೆ, ಆದರೆ ನೀರಿನಲ್ಲಿ ಇರಬೇಕಾದ ಆವಿತೈಲ ಗಾಳಿಗೆ ಹೋಗಿರುತ್ತದೆ. ಸುಮಾರು 200 ಗ್ರಾಂ ಹಸಿ ಎಲೆಗೆ 3 ಲೀಟರ್ ನೀರು ಇಟ್ಟು, ಮುಚ್ಚಳ ಮುಚ್ಚಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬಿಟ್ಟು ಇಳಿಸಬೇಕು. ಮುಚ್ಚಿದಂತೆಯೇ ಆರಲು ಬಿಟ್ಟು, ಕೈ ತಾಳುವಷ್ಟು ಬಿಸಿಗೆ ಬಂದಾಗ ಬಟ್ಟೆ ಅದ್ದಿ ಮಂಡಿಯ ಸುತ್ತ 15ರಿಂದ 20 ನಿಮಿಷ ಇಡಬೇಕು. ಎಲೆಕಿಳಿ (ಬಟ್ಟೆಯಲ್ಲಿ ಕಟ್ಟಿದ ಎಲೆಯ ಶಾಖದ ಗಂಟು) ಮಾಡುವುದಾದರೆ ಎಲೆಯನ್ನು ಹೆಚ್ಚಿ, ಸ್ವಲ್ಪ ಎಳ್ಳೆಣ್ಣೆಯಲ್ಲಿ ಬಾಡಿಸಿದರೆ ಸಾಕು, ಕಪ್ಪಾಗುವಂತೆ ಹುರಿಯಬಾರದು. ಮಧುಮೇಹದಿಂದ ಪಾದ, ಮೊಣಕಾಲಿನ ಕೆಳಗೆ ಸ್ಪರ್ಶ ಮಂದವಾದವರಿಗೆ ಬಿಸಿ ಎಷ್ಟೆಂದು ತಿಳಿಯುವುದೇ ಇಲ್ಲ. ಅವರಿಗೆ ಶಾಖ ಕೊಡುವಾಗ ಮನೆಯ ಇನ್ನೊಬ್ಬರು ತಮ್ಮ ಮೊಣಕೈಗೆ ತಾಗಿಸಿ ಬಿಸಿ ನೋಡಲೇಬೇಕು. ಸಿಗುವ ಸುಖದಲ್ಲಿ ದೊಡ್ಡ ಪಾಲು ಶಾಖದ್ದು ಮತ್ತು ನೀವುವ ಕೈಯದ್ದು. ಇದನ್ನು ಒಪ್ಪಿಕೊಂಡರೆ ಲಕ್ಕಿಗೆ ಕುಂದೇನೂ ಇಲ್ಲ.

ಎಣ್ಣೆ ಕಾಯಿಸುವುದಕ್ಕೆ ಶಾಸ್ತ್ರ ಹೇಳುವ ಸಾಮಾನ್ಯ ಅಳತೆ ಕಲ್ಕ (ಅರೆದ ಮುದ್ದೆ) 1, ಎಣ್ಣೆ 4, ದ್ರವ 16. ಮನೆಯ ಲೆಕ್ಕಕ್ಕೆ 60 ಗ್ರಾಂ ಅರೆದ ಎಲೆ, 240 ಮಿಲಿ ಎಳ್ಳೆಣ್ಣೆ, 960 ಮಿಲಿ ಎಲೆಯ ಕಷಾಯ. ಮೂರನ್ನೂ ಸೇರಿಸಿದಾಗ ಪಾತ್ರೆಯ ಅರ್ಧಕ್ಕಿಂತ ಮೇಲೆ ಬರಬಾರದು, ಏಕೆಂದರೆ ಕೊನೆಗೆ ನೊರೆ ಉಕ್ಕುತ್ತದೆ. ತಳ ದಪ್ಪವಿರುವ ಅಗಲ ಬಾಯಿಯ ಪಾತ್ರೆಯೇ ಆಗಬೇಕು. ಉರಿ ಸಣ್ಣದಿರಲಿ, ಕೈಯಾಡಿಸುತ್ತಲೇ ಇರಲಿ, ಕಲ್ಕ ತಳಕ್ಕೆ ಕೂತು ಹಿಡಿಯಿತೆಂದರೆ ಎಣ್ಣೆಗೆ ಸುಟ್ಟ ವಾಸನೆ ಬಂದು ಎಲ್ಲವೂ ವ್ಯರ್ಥ. ನೀರು ಇರುವವರೆಗೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮುಗಿದ ಕ್ಷಣದಿಂದ ಎಣ್ಣೆಯ ಬಿಸಿ ಸರಸರನೆ ಏರುತ್ತದೆ. ಎಚ್ಚರ ಬೇಕಾದದ್ದು ಆ ಕೊನೆಯ ಕೆಲವು ನಿಮಿಷಗಳಲ್ಲಿ.

ಹದ ನೋಡುವ ಕ್ರಮ ಹಳೆಯದು, ಇಂದಿಗೂ ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಇಲ್ಲ. ತಳದ ಕಲ್ಕವನ್ನು ಚಿಟಿಕೆ ತೆಗೆದು ಎರಡು ಬೆರಳ ನಡುವೆ ಹೊಸೆದರೆ ಬತ್ತಿಯಂತೆ ಉರುಳಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದಾಗಬಾರದು. ಸದ್ದು ಬಂದರೆ ನೀರು ಉಳಿದಿದೆ ಎಂದೇ ಅರ್ಥ. ನೀರು ಉಳಿದ ಎಣ್ಣೆ ಮಲೆನಾಡಿನ ಮಳೆಗಾಲದಲ್ಲಿ ಬಹಳ ದಿನ ತಡೆಯುವುದಿಲ್ಲ, ತಳದಲ್ಲಿ ಲೋಳೆ ಕೂರುತ್ತದೆ, ಬೂಷ್ಟು ಬರುತ್ತದೆ. ಕಲ್ಕ ಪುಡಿಪುಡಿಯಾಗಿ ಕರಕಲಾಯಿತೆಂದರೆ ಹದ ಮೀರಿದೆ. ಬೆಚ್ಚಗಿರುವಾಗಲೇ ಸೋಸಿ, ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಬೇಕು. ಬಿಸಿಲಿಲ್ಲದ ಆಷಾಢದಲ್ಲಿ ಬಾಟಲಿಯನ್ನು ಒಲೆಯ ಮಗ್ಗುಲಲ್ಲಿ ಇಟ್ಟು ಒಣಗಿಸಿ, ಒಳಗೆ ಒಂದು ಹನಿ ತೇವ ಇದ್ದರೂ ಸಾಕು ಕೆಡಲು.

ಇನ್ನು ಶುಂಠಿ. ಸಾಗರ, ಸೊರಬ, ಶಿಕಾರಿಪುರದ ಕಡೆ ಎಕರೆಗಟ್ಟಲೆ ಬೆಳೆಯುತ್ತೇವೆ, ಆದರೆ ಮದ್ದಿಗೆ ಯಾವ ಶುಂಠಿ ಎಂದು ಕೇಳುವವರು ಕಡಿಮೆ. ಹಸಿಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್‌ಗಳು. ಒಣಗುವಾಗ, ಕಾಯುವಾಗ ಜಿಂಜರಾಲ್ ಒಂದು ನೀರಿನ ಅಣು ಕಳೆದುಕೊಂಡು ಶೋಗಾಲ್ ಆಗುತ್ತದೆ. ಉರಿಯೂತ ತಗ್ಗಿಸುವ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಶೋಗಾಲ್‌ನ ಶಕ್ತಿ ಜಿಂಜರಾಲ್‌ಗಿಂತ ಹೆಚ್ಚು ಕಂಡಿದೆ. ನಮ್ಮ ಹಿರಿಯರು ಒಣಶುಂಠಿಯನ್ನು ಹಸಿಶುಂಠಿಯಿಂದ ಬೇರೆಯೇ ದ್ರವ್ಯವೆಂದು ಎಣಿಸಿ, ‘ಆಮ’ (ಸರಿಯಾಗಿ ಜೀರ್ಣವಾಗದೆ ಉಳಿದ ಅಂಶ) ಕೂಡಿದ ಕೀಲುಬಾವಿಗೆ ಒಣಶುಂಠಿಯನ್ನೇ ಹೇಳಿದ್ದು ಈ ರಸಾಯನಕ್ಕೆ ಸರಿಯಾಗಿ ಹೊಂದುತ್ತದೆ. ಹಸಿಶುಂಠಿಯಲ್ಲಿ ನೀರೇ ಶೇ. 80ರಷ್ಟು. ಹಾಗಾಗಿ 1 ಗ್ರಾಂ ಒಣಪುಡಿ ಎಂದು ಬರೆದಲ್ಲಿ 1 ಗ್ರಾಂ ಹಸಿಶುಂಠಿ ಹಾಕಿದರೆ ಸುಮಾರು ಐದನೇ ಒಂದು ಪಾಲಷ್ಟೇ ಸಿಕ್ಕಂತಾಗುತ್ತದೆ.

ಹಸಿ ಮಾರುಕಟ್ಟೆಗೆಂದು ಬೆಳೆಯುವ ರಿಯೋ ಡಿ ಜನೈರೋ ತಳಿ ದಪ್ಪ, ರಸಭರಿತ. ಒಣಗಿಸಿದರೆ ಕೈಗೆ ಬರುವುದು ಕಡಿಮೆ. ಮಾರನ್‌ನಂಥ ತಳಿಗಳಲ್ಲಿ ಒಣ ಇಳುವರಿ ಹೆಚ್ಚು. ಒಣಗಿಸುವ ಮೊದಲು ಸಿಪ್ಪೆ ಕೆರೆಯುವಾಗ ಆಳವಾಗಿ ಕೆತ್ತಬಾರದು, ತೈಲಕೋಶಗಳು ಸಿಪ್ಪೆಯ ಅಡಿಯಲ್ಲೇ ಇರುತ್ತವೆ. ಬೆಳ್ಳಗೆ ಕಾಣಲೆಂದು ಸುಣ್ಣ ಬಳಿದ ಶುಂಠಿ ಅಂಗಡಿಯಲ್ಲಿ ಚೆಂದ, ಮದ್ದಿಗೆ ಬೇಡ. ಪುಡಿ ಮಾಡಿಟ್ಟ ಶುಂಠಿ ವಾರಗಳಲ್ಲಿ ಘಮ ಕಳೆದುಕೊಳ್ಳುತ್ತದೆ. ಇಡಿಯಾಗಿ ಇಟ್ಟು ಬೇಕಾದಾಗ ಕುಟ್ಟಿಕೊಳ್ಳಿ. ದೊಡ್ಡವರಿಗೆ ದಿನಕ್ಕೆ ಒಟ್ಟು 1ರಿಂದ 2 ಗ್ರಾಂ ಒಣಪುಡಿ ಸಾಕು, ಊಟದ ಜೊತೆ ಅಥವಾ ಊಟದ ನಂತರ. ಮಂಡಿ ಸವೆತದವರ ಮೇಲೆ ನಡೆದ ಪ್ರಯೋಗಗಳಲ್ಲಿ ನೋವು ಇಳಿದದ್ದು ನಿಜ, ಆದರೆ ಸಾಧಾರಣವಾಗಿ. ಎದೆಯುರಿ ಕೆಲವರಿಗೆ ಬಂದೇ ಬರುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಅಡುಗೆಯ ಶುಂಠಿಗಿಂತ ಹೆಚ್ಚಿಗೆ ಹೋಗಬಾರದು.

ಅರಿಶಿನದ ಹಾಲಿನ ಬಗ್ಗೆ ಲೆಕ್ಕವನ್ನೇ ಮುಂದಿಡುತ್ತೇವೆ. ಒಂದು ಚಹಾ ಚಮಚ ಪುಡಿ ಸುಮಾರು 3 ಗ್ರಾಂ. ಅದರಲ್ಲಿ ಕೆಲಸ ಮಾಡುವ ಮುಖ್ಯ ಅಂಶವಾದ ಕರ್ಕ್ಯುಮಿನ್ ಶೇ. 3 ಎಂದು ಹಿಡಿದರೆ 90 ಮಿಲಿಗ್ರಾಂ. ಮಂಡಿ ಸವೆತಕ್ಕೆ ನಡೆದ ಪ್ರಯೋಗಗಳಲ್ಲಿ ಬಳಸಿದ್ದು ದಿನಕ್ಕೆ 1,000 ಮಿಲಿಗ್ರಾಂ ಆಸುಪಾಸಿನ ಸಾರ. ಅಷ್ಟನ್ನು ಅಡುಗೆಯ ಅರಿಶಿನದಿಂದ ಪಡೆಯಬೇಕೆಂದರೆ 33 ಗ್ರಾಂ, ಅಂದರೆ ಹನ್ನೊಂದು ಚಮಚ. ಯಾರಿಂದಲೂ ಆಗದ ಮಾತು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕರುಳಿನಿಂದ ಹೀರಿಕೊಂಡ ಸ್ವಲ್ಪವನ್ನೂ ಕರುಳಿನ ಗೋಡೆ ಮತ್ತು ಪಿತ್ತಜನಕಾಂಗ ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ (ಕಾಳುಮೆಣಸಿನ ಖಾರದ ಅಂಶ) ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ. 2,000ದಷ್ಟು ಏರಿತ್ತು. 20 ಮಿಲಿಗ್ರಾಂ ಪೈಪರಿನ್ ಎಂದರೆ ನಮ್ಮ ತೋಟದ ಏಳೆಂಟು ಕಾಳುಮೆಣಸು. ಹಾಲಿಗೆ ಮೆಣಸು ಕುಟ್ಟಿ ಹಾಕುವ, ಕೆನೆ ತೆಗೆಯದೆ ಕುದಿಸುವ ಪದ್ಧತಿಗೆ ಹೀಗೆ ಒಳ್ಳೆಯ ಕಾರಣವಿದೆ.

ಆದರೆ ಮೆಣಸು ಬಾಗಿಲು ತೆರೆಯುವುದು ಅರಿಶಿನಕ್ಕೊಂದಕ್ಕೇ ಅಲ್ಲ. ಮೂರ್ಛೆರೋಗದ ಫೆನಿಟಾಯಿನ್, ಹೃದಯಕ್ಕೆ ಕೊಡುವ ಪ್ರೊಪ್ರಾನೊಲಾಲ್, ದಮ್ಮಿನ ಥಿಯೋಫಿಲ್ಲಿನ್ ಮಾತ್ರೆಗಳೂ ಪೈಪರಿನ್ ಜೊತೆ ರಕ್ತದಲ್ಲಿ ಹೆಚ್ಚುತ್ತವೆ. ಅಡುಗೆಯ ಮೆಣಸಿಗೆ ಹೆದರಬೇಕಿಲ್ಲ. ಪೈಪರಿನ್ ಸೇರಿಸಿದ ಅರಿಶಿನದ ಮಾತ್ರೆಗಳನ್ನು ಕೇಳದೆ ಕೊಂಡು ನುಂಗುವುದು ಬೇರೆ ವಿಷಯ. ಹೀರಿಕೆ ಹೆಚ್ಚಿಸಿದ ಇಂಥ ಅರಿಶಿನದ ಮಾತ್ರೆಗಳಿಂದ ಪಿತ್ತಜನಕಾಂಗ ಊದಿಕೊಂಡ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ವರದಿಯಾಗಿವೆ. ಮೂತ್ರ ಕಡು ಹಳದಿಯಾದರೆ, ಊಟ ಸೇರದೆ ಹೋದರೆ, ಕಣ್ಣು ಹಳದಿ ಕಂಡರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಅಮೃತಬಳ್ಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. 2020ರಲ್ಲಿ ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಇದರ ಕಷಾಯ ಕುಡಿದ ಕೆಲವರಿಗೆ ಪಿತ್ತಜನಕಾಂಗದ ತೊಂದರೆ ಬಂದದ್ದನ್ನು ಮುಂಬೈಯ ವೈದ್ಯರು ದಾಖಲಿಸಿದರು. ಅದು ನಿಜವಾದ ಅಮೃತಬಳ್ಳಿಯೋ ಅದರ ಜಾತಿಯ ಇನ್ನೊಂದೋ ಎಂಬ ಚರ್ಚೆಯೂ ನಡೆಯಿತು. ಮಲೆನಾಡಿನ ಕಾಡಂಚಿನಲ್ಲಿ ಈ ಗೊಂದಲ ಸುಲಭ. ಅಮೃತಬಳ್ಳಿಯ (ಟಿನೋಸ್ಪೊರ ಕಾರ್ಡಿಫೋಲಿಯ) ಎಲೆ ಎರಡೂ ಕಡೆ ನುಣುಪು. ಎಲೆಯ ಅಡಿ ಸವರಿದಾಗ ಮೆತ್ತನೆಯ ರೋಮ ಕೈಗೆ ತಾಗಿದರೆ ಅದು ಟಿನೋಸ್ಪೊರ ಸಿನೆನ್ಸಿಸ್. ಕಾಂಡದ ಮೈತುಂಬ ಗಡುಸಾದ ಗುಳ್ಳೆಗಳು ಎದ್ದು ನಿಂತಿದ್ದರೆ ಟಿನೋಸ್ಪೊರ ಕ್ರಿಸ್ಪ, ಅದನ್ನು ಬಳಸಲೇಬಾರದು. ಆಮವಾತಕ್ಕೆ (ರುಮಟಾಯ್ಡ್ ಆರ್ಥ್ರೈಟಿಸ್) ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಈ ಕಷಾಯ ಕುಡಿಯುವುದು ಎರಡು ಕಾರಣಕ್ಕೆ ತಪ್ಪು. ಮಾತ್ರೆ ರೋಗನಿರೋಧಕದ ಅತಿರೇಕವನ್ನು ತಗ್ಗಿಸಲು ಕೊಡುವಂಥದ್ದು, ಬಳ್ಳಿ ಅದನ್ನು ಚುರುಕುಗೊಳಿಸುವಂಥದ್ದು. ಪಿತ್ತಜನಕಾಂಗದ ಮೇಲಿನ ಭಾರವೂ ಎರಡರಿಂದ ಕೂಡಿ ಬೀಳುತ್ತದೆ.

ಹೆಸರಿನ ಗೊಂದಲ ಗ್ರಂಧಿಗೆ ಅಂಗಡಿಯಲ್ಲಿ ಇನ್ನೂ ಹೆಚ್ಚು. ‘ರಾಸ್ನಾ’ ಕೇಳಿದರೆ ನಮ್ಮಲ್ಲಿ ಕೊಡುವುದು ದುಂಪರಾಸ್ಮೆಯ ಗಡ್ಡೆ (ಆಲ್ಪಿನಿಯ ಗ್ಯಾಲಂಗ). ಉತ್ತರದ ವೈದ್ಯರ ರಾಸ್ನಾ ಪ್ಲೂಕಿಯ ಲ್ಯಾನ್ಸಿಯೋಲೇಟ ಎಂಬ ಬೇರೆಯೇ ಗಿಡದ ಎಲೆ. ದುಂಪರಾಸ್ಮೆಯ ಹಸಿಗಡ್ಡೆಯಲ್ಲಿರುವ ಮುಖ್ಯ ಖಾರದ ಅಂಶ ಅಸಿಟಾಕ್ಸಿಚಾವಿಕಾಲ್ ಅಸಿಟೇಟ್ ನೀರಿನಲ್ಲಿ ಕುದಿಯುವಾಗ ಒಡೆದು ಬೇರೆಯಾಗುತ್ತದೆ. ಹಸಿಗಡ್ಡೆಯ ಮೇಲೆ ನಡೆದ ಸಂಶೋಧನೆಯ ಫಲವನ್ನು ಕಷಾಯಕ್ಕೆ ಹಾಗೇ ಅಂಟಿಸಿ ಬರೆಯುವಂತಿಲ್ಲ. ಗುಗ್ಗುಳದ್ದೂ ಇದೇ ಕಥೆ. ಗುಗ್ಗುಲ್‌ಸ್ಟಿರೋನ್ ಎಂಬ ಮುಖ್ಯ ಅಂಶ ಇರುವ ನಿಜವಾದ ಗುಗ್ಗುಳ ರಾಜಸ್ಥಾನ, ಗುಜರಾತಿನ ಒಣನೆಲದ ಕೊಮಿಫೊರ ವೈಟಿಯೈ ಪೊದೆಯ ಅಂಟು, ಆ ಗಿಡ ಈಗ ಅಳಿವಿನಂಚಿನಲ್ಲಿದೆ. ನಮ್ಮ ಕಾಡಿನ ಹಾಲುಮಡ್ಡಿ, ರಾಳಧೂಪಗಳು ಬೇರೆ ಮರಗಳ ಅಂಟು, ಅವು ದೇವರ ಮುಂದೆ ಹಾಕಲು ಸರಿ. ಧೂಪಕ್ಕೆಂದು ಕೊಂಡ ಗುಗ್ಗುಳವನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ನಿಜವಾದ ಗುಗ್ಗುಳವನ್ನೂ ತ್ರಿಫಲೆಯ ಕಷಾಯದಂಥ ದ್ರವದಲ್ಲಿ ಶುದ್ಧಿ ಮಾಡದೆ ಬಳಸುವ ಕ್ರಮವಿಲ್ಲ. ಅದು ಪ್ರೊಪ್ರಾನೊಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ ಎಂಬುದೂ ಗೊತ್ತಿರಲಿ.

ಮಂಗರವಳ್ಳಿ ಮದ್ದಿಗಿಂತ ಅಡುಗೆ ಎನ್ನುವುದೇ ಸರಿ. ಮುರಿದ ಮೂಳೆ ಕೂಡಿಸುವ ಗುಣದ ಬಗ್ಗೆ ಇರುವ ಆಧಾರ ಹೆಚ್ಚಿನಂಶ ಪ್ರಾಣಿಗಳ ಮೇಲಿನ ಪ್ರಯೋಗದ್ದು. ಇದರ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಎಳೆಯ ಗಿಣ್ಣುಗಳನ್ನೇ ಆರಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಅಂಚಿನ ನಾರು ತೆಗೆದು, ತುಪ್ಪದಲ್ಲಿ ಬಣ್ಣ ತಿರುಗುವವರೆಗೆ ಹುರಿದು, ಹುಣಿಸೆಹಣ್ಣು ಸೇರಿಸಿ ಅರೆದರೆ ಗಂಟಲು ಕೆರೆಯುವುದು ತಪ್ಪುತ್ತದೆ. ಮೂತ್ರಕೋಶದಲ್ಲಿ, ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರು ಈ ಚಟ್ನಿ ಬಿಡಬೇಕು.

ಎಕ್ಕ, ಚಿತ್ರಮೂಲ, ಕರಿಗೇರು ಈ ಮೂರರ ಹೆಸರನ್ನು ಮನೆಮದ್ದಿನ ಅಂಕಣದಲ್ಲಿ ಹಾಕದಿದ್ದರೇ ಒಳಿತು ಎಂದು ನಮ್ಮ ಅಭಿಪ್ರಾಯ. ಎಕ್ಕದ ಎಲೆ ಬಾಡಿಸಿ ಮಂಡಿಗೆ ಕಟ್ಟುವುದು ರೂಢಿಯಲ್ಲಿದೆ, ಎಲೆ ಕೀಳುವಾಗ ಸಿಡಿಯುವ ಹಾಲು ಕಣ್ಣಿಗೆ ಬೀಳುವುದೂ ರೂಢಿಯಲ್ಲಿದೆ. ಆ ಹಾಲು ಕಣ್ಣನ್ನು ಜೋಮು ಹಿಡಿಸುವುದರಿಂದ ನೋವು ಅಷ್ಟಾಗಿ ಕಾಣುವುದಿಲ್ಲ, ದೃಷ್ಟಿ ಮಾತ್ರ ಮಂಜಾಗುತ್ತದೆ. ನೋವಿಲ್ಲವೆಂದು ಸುಮ್ಮನಿರದೆ 20 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಚಿತ್ರಮೂಲದ ಬೇರಿನ ಪ್ಲಂಬಾಜಿನ್ ಚರ್ಮ ಸುಟ್ಟು ಗುಳ್ಳೆ ಏಳಿಸುತ್ತದೆ. ಬೇರನ್ನು ಸುಣ್ಣದ ತಿಳಿನೀರಿನಲ್ಲಿ ಶುದ್ಧಿ ಮಾಡುವ ಕ್ರಮ ಬಂದದ್ದೇ ಈ ಉರಿಯನ್ನು ತಗ್ಗಿಸಲು. ಗರ್ಭಿಣಿಯರು ಇದರ ಹತ್ತಿರವೂ ಸುಳಿಯಬಾರದು. ಕರಿಗೇರಿನ ಎಣ್ಣೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ನಿಯಮಗಳಲ್ಲಿ ‘ಇ(1)’ ಎಂಬ ಅನುಸೂಚಿ ಇದೆ. ವೈದ್ಯರ ನಿಗಾದಲ್ಲೇ ಬಳಸಬೇಕಾದ ವಿಷದ್ರವ್ಯಗಳ ಆ ಪಟ್ಟಿಯಲ್ಲಿ ಎಕ್ಕವೂ ಭಲ್ಲಾತಕವೂ (ಕರಿಗೇರು) ಇವೆ.

ಈಗ ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ, ಮನೆ ಬಾಗಿಲಲ್ಲಿ ಚೀಟಿ ಇಲ್ಲದ ಪೊಟ್ಟಣದಲ್ಲಿ ‘ಬೇರಿನ ಪುಡಿ’ ಮಾರುತ್ತಾರೆ. ನುಂಗಿದ ಎರಡೇ ದಿನಕ್ಕೆ ನೋವು ಮಾಯ. ಈ ಪತ್ರದಲ್ಲಿ ಹೇಳಿದ ಯಾವ ಗಿಡದ ಅಂಶವೂ ಎರಡು ದಿನದಲ್ಲಿ ಹಳೆಯ ಕೀಲುನೋವನ್ನು ಮಾಯ ಮಾಡಲಾರದು, ವಾರಗಳೇ ಬೇಕು. ಎರಡು ದಿನದಲ್ಲಿ ಆ ಕೆಲಸ ಮಾಡುವುದು ಪುಡಿಯಲ್ಲಿ ಬೆರೆಸಿದ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಅಥವಾ ಡೈಕ್ಲೊಫಿನ್ಯಾಕ್ ಎಂಬ ನೋವುಮಾತ್ರೆ. ಸ್ಟೀರಾಯ್ಡ್ ಇದ್ದರೆ ತಿಂಗಳು ಕಳೆಯುವಷ್ಟರಲ್ಲಿ ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಚರ್ಮ ತೆಳುವಾಗಿ ತಾಗಿದಲ್ಲೆಲ್ಲ ನೀಲಿಗಟ್ಟುತ್ತದೆ. ಇದು ತಿಳಿದ ಕೂಡಲೇ ಹೆದರಿ ಪುಡಿಯನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ತಿಂಗಳುಗಟ್ಟಲೆ ಹೊರಗಿನ ಸ್ಟೀರಾಯ್ಡ್ ಬಂದಾಗ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ. ಒಮ್ಮೆಗೇ ಬಿಟ್ಟರೆ ವಾಂತಿ, ನಿತ್ರಾಣ, ರಕ್ತದೊತ್ತಡ ಕುಸಿತ ಆಗಿ ಜೀವಕ್ಕೆ ಬರಬಹುದು. ಉಳಿದ ಪುಡಿಯನ್ನು ಪೊಟ್ಟಣ ಸಮೇತ ವೈದ್ಯರಿಗೆ ತೋರಿಸಿ, ಅವರು ಹೇಳಿದ ಕ್ರಮದಲ್ಲಿ ಇಳಿಸಬೇಕು. ಕೊಳ್ಳುವಾಗ ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ, ತಯಾರಕರ ವಿಳಾಸ ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಹಿಂದಿರುಗಿಸಿ.

ಕೀಲುನೋವೆಂಬುದು ಒಂದೇ ರೋಗವಲ್ಲ ಎಂಬ ಮಾತನ್ನೂ ಪ್ರತಿ ಸಲಹೆಯ ಜೊತೆ ಹಾಕಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ದಿನವಿಡೀ ಮಂಡಿ ಮಡಚಿ ಕೂತವರ ನೋವಿಗೆ ಶಾಖ, ಎಣ್ಣೆ, ಕುರ್ಚಿಯೆತ್ತರದ ಆಸನ ಮೂರೂ ನೆರವಾಗುತ್ತವೆ. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಮೀರಿ ಎರಡೂ ಕೈಯ ಬೆರಳುಗಂಟು ಬಿಗಿದುಕೊಂಡಿದ್ದರೆ ಅದು ಆಮವಾತ ಇರಬಹುದು. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಆರಂಭವಾಗದಿದ್ದರೆ ಕೀಲು ಸವೆದು ಸೊಟ್ಟಗಾಗುತ್ತದೆ, ಆಮೇಲೆ ಯಾವ ಕಷಾಯವೂ ನೆಟ್ಟಗೆ ಮಾಡದು. ಒಂದೇ ಕೀಲು ಏಕಾಏಕಿ ಕೆಂಪಗೆ ಊದಿ, ಸುಡುತ್ತ, ಜೊತೆಗೆ ಜ್ವರವೂ ಇದ್ದರೆ ಒಳಗೆ ಕೀವು ಕಟ್ಟಿರುವ ಶಂಕೆ ಇರುತ್ತದೆ. ಅದಕ್ಕೆ ಶಾಖ ಕೊಡಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದ ಗದ್ದೆ ಕೆಲಸದ ನಂತರ ಜ್ವರದೊಂದಿಗೆ ಮೀನಖಂಡ ನೋಯುತ್ತಿದ್ದರೆ ಇಲಿಜ್ವರ, ಬೇಸಿಗೆಯ ಕಡೆಗೆ ಕಾಡಂಚಿನವರಿಗೆ ಜ್ವರ, ಮೈಕೈ ನೋವು ಬಂದರೆ ಮಂಗನ ಕಾಯಿಲೆ ಇರಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಬಗೆಯ ನೋವುಮಾತ್ರೆಯನ್ನೂ ತಾವಾಗಿ ನುಂಗಬಾರದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಸೊಂಟ, ಮಂಡಿಗಳ ಕಾಯಿಲೆ ವಂಶವಾಹಿಯಿಂದ ಬರುವಂಥದ್ದು. ಆ ಕುಟುಂಬಗಳಿಗೆ ಸೊಪ್ಪಿನ ಮದ್ದಿನ ಆಸೆ ತೋರಿಸಿ ಹಣ ಕೀಳುವುದು ಅನ್ಯಾಯ.

ಗಿಡ ಯಾವುದೆಂದು ಖಚಿತವಿಲ್ಲದವರಿಗೆ ಒಂದು ದಾರಿ ಇದೆ. ಒಂದು ಅಡಿ ಉದ್ದದ ಕೊಂಬೆ, ಹೂವೋ ಕಾಯೋ ಇರುವಂಥದ್ದು, ಕಿತ್ತು ಹಳೆಯ ಪತ್ರಿಕೆಯ ಮಡಿಕೆಯಲ್ಲಿಡಿ. ಒಂದೆರಡು ಎಲೆಯ ಅಡಿಭಾಗ ಮೇಲೆ ಬರುವಂತೆ ತಿರುಗಿಸಿ. ಊರು, ದಿನಾಂಕ, ಗಿಡದ ಎತ್ತರ, ಹೂವಿನ ಬಣ್ಣ (ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ), ಊರಿನಲ್ಲಿ ಕರೆಯುವ ಹೆಸರು ಬರೆದಿಡಿ. ಮಳೆಗಾಲದಲ್ಲಿ ಕಾಗದವನ್ನು ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗಿ ಕೊಳೆಯುತ್ತದೆ. ಶಿವಮೊಗ್ಗದ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗಿಡ ಬಲ್ಲ ಅಧ್ಯಾಪಕರಿದ್ದಾರೆ, ಅವರಿಗೆ ತೋರಿಸಬಹುದು. ಪತ್ರಿಕೆಯೂ ಅಂಕಣದ ಪ್ರತಿ ಸಲಹೆಯನ್ನು ಅಚ್ಚಿಗೆ ಮೊದಲು ಇಂಥವರೊಬ್ಬರಿಗೆ ತೋರಿಸಿ, ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸುವ ಭಾಗ, ಗ್ರಾಂ ಲೆಕ್ಕದ ಅಳತೆ, ಯಾರು ಬಳಸಬಾರದು ಎಂಬ ನಾಲ್ಕು ಸಾಲು ಸೇರಿಸಿದರೆ ಅಂಕಣದ ಉದ್ದ ಬೆಳೆಯುವುದು ಒಂದು ಅಂಗುಲ ಮಾತ್ರ.

ಕೊನೆಯದಾಗಿ, ಗೌರಿಹಬ್ಬ ಹತ್ತಿರ ಬರುತ್ತಿರುವುದರಿಂದ ತಡಮಾಡದೆ ಹೇಳಬೇಕಾದ ಒಂದು ಮಾತು. ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಗೌರಿಹೂವಿನ (ಗ್ಲೋರಿಯೋಸ ಸುಪರ್ಬ, ಅಗ್ನಿಶಿಖೆ) ಗಡ್ಡೆ ‘ವಾತರಕ್ತಕ್ಕೆ ರಾಮಬಾಣ’ ಎಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡುವುದುಂಟು. ಅದರಲ್ಲಿರುವ ಕಾಲ್ಚಿಸಿನ್ ವಾತರಕ್ತಕ್ಕೆ, ಅಂದರೆ ಗೌಟ್‌ಗೆ, ಔಷಧ ಹೌದು. ವೈದ್ಯರು ಕೊಡುವ ಒಂದು ಮಾತ್ರೆಯಲ್ಲಿ ಅದು ಇರುವುದು ಅರ್ಧ ಮಿಲಿಗ್ರಾಂ. ಒಣಗಡ್ಡೆಯಲ್ಲಿ ಶೇ. 0.2ರಷ್ಟು ಎಂದು ಹಿಡಿದರೂ 5 ಗ್ರಾಂ ಪುಡಿಯಲ್ಲಿ 10 ಮಿಲಿಗ್ರಾಂ, ಅಂದರೆ ಒಮ್ಮೆಗೇ ಇಪ್ಪತ್ತು ಮಾತ್ರೆ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಈ ಪ್ರಮಾಣ ಬದಲಾಗುತ್ತದೆ, ಬೇಯಿಸಿದರೂ ಕಾಲ್ಚಿಸಿನ್ ನಾಶವಾಗುವುದಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿದಿರುವ ಬಳ್ಳಿ, ಅದರಡಿಯಲ್ಲಿ ನೇಗಿಲಿನಂತೆ ಬಾಗಿದ ಗಡ್ಡೆ ಕಂಡರೆ ಅದನ್ನು ಕಾಡುಗೆಣಸೆಂದು ತಿನ್ನಬೇಡಿ, ಹೂ ಕೊಯ್ದ ಮಕ್ಕಳ ಕೈ ತೊಳೆಸಿ. ಯಾರಾದರೂ ತಿಂದಿದ್ದರೆ ಕೆಲವು ಗಂಟೆಗಳ ನಂತರ ವಾಂತಿ, ನೀರಿನಂಥ ಭೇದಿ ಶುರುವಾಗುತ್ತದೆ. ಅದು ನಿಂತಿತೆಂದು ಮನೆಗೆ ಕರೆತರಬೇಡಿ. ಮೂತ್ರಪಿಂಡಕ್ಕೆ, ಮೂಳೆಯ ನೆಣಕ್ಕೆ ಪೆಟ್ಟು ಬೀಳುವುದು ಒಂದರಿಂದ ಏಳು ದಿನದೊಳಗೆ. ಉಳಿದ ಗಡ್ಡೆಯ ತುಂಡನ್ನೂ ಎಲೆಯನ್ನೂ ಜೊತೆಗೆ ಹಿಡಿದು ನೇರ ಜಿಲ್ಲಾ ಆಸ್ಪತ್ರೆಗೆ ಹೋಗಿ, ಎಷ್ಟು ಹೊತ್ತಿಗೆ ಎಷ್ಟು ತಿಂದರೆಂದು ಬರೆದುಕೊಡಿ.

ಇಂತಿ,
ದ್ರವ್ಯಗುಣ ಮತ್ತು ಸಸ್ಯರಸಾಯನ ಬೋಧಿಸುವ ಕೆಲವು ಅಧ್ಯಾಪಕರು,
ಶಿವಮೊಗ್ಗ